ಕಲ್ಲಿನ ಮೂಡಲಿಗೆ

‘ನಕ್ಷೆ ಅವನ ಕೈಗೆ ಕೊಡಬೇಡಿ ಸ್ವಾಮಿ, ಎಂಟನೇ ಕ್ಲಾಸಿನ ಗಿರಾಕಿ! ಅದ್ರಲ್ಲಿ ಬೋಂಡ ಕಟ್ಟಿಸ್ಕೊಂಡು ಬಂದ್ಬಿಡ್ತಾನೆ!’

ಓವರ್‌ಸಿಯರ್ ಜಯದೇವಪ್ಪ ಡೇರೆಯ ಬಾಗಿಲಲ್ಲಿ ನಿಂತು ಇಷ್ಟು ಹೇಳಿದ್ದೇ ತಡ, ಭಾನುವಾರದ ಬಿಸಿಲಿಗೆ ಕೊಡೆ ಬಿಚ್ಚಿಕೊಂಡು ನಿಂತಿದ್ದ ಮೂವತ್ತು ಮಂದಿಯೂ ಒಟ್ಟಿಗೆ ನಕ್ಕುಬಿಟ್ಟರು. ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಏಕಾಂತಯ್ಯನವರು ‘ಇದರಲ್ಲಿ ನಮ್ಮದು ಯಾವುದಪ್ಪ’ ಎಂದು ಮುಂದೆ ಚಾಚಿದ್ದ ನೀಲಿ ಕಾಗದವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು, ನಾಲ್ಕಾಗಿ ಮಡಿಸಿ, ಜುಬ್ಬದ ಜೇಬಿಗಿಟ್ಟರು. ಅದನ್ನು ತೆಗೆದುಕೊಳ್ಳಲೆಂದು ಎತ್ತಿದ್ದ ಚಿಕ್ಕಬೈರಪ್ಪನ ಕೈ ಗಾಳಿಯಲ್ಲೇ ಉಳಿಯಿತು. ಎತ್ತಿದ ಕೈಯನ್ನು ಏನು ಮಾಡುವುದು? ಇಳಿಸಿದರೆ ಸೋತಂತೆ, ಹಾಗೇ ಬಿಟ್ಟರೆ ಬೇಡುವವನಂತೆ. ತಲೆಗೆ ಒಯ್ದು ಕೆರೆದುಕೊಂಡ. ಎಂಟನೇ ಕ್ಲಾಸಿನ ಗಿರಾಕಿ ಮಾಡುವುದು ಇದನ್ನೇ ಅಲ್ಲವೆ ಎಂದು ಹೊಳೆದು ಕೈ ಇಳಿಸುವಷ್ಟರಲ್ಲಿ ಸಿಟ್ಟು ಅಂಗಾಲಿನಿಂದ ಹೊರಟು ಕಿವಿಗೆ ಬಂದಿತ್ತು. ಅದಕ್ಕಿಂತ ದೊಡ್ಡ ಅವಮಾನವೆಂದರೆ ಮಾತು ಚೆನ್ನಾಗಿತ್ತು. ಅವನಿಗೂ ನಗು ಬಂದಿತ್ತು. ಬೇರೆ ಯಾರ ಮೇಲಾದರೂ ಹೇಳಿದ್ದರೆ ಮೂರು ದಿನ ನೆನೆನೆನೆದು ನಗಬಹುದಾಗಿದ್ದ ಮಾತನ್ನು ಈ ಮನುಷ್ಯ ತನ್ನ ಮೇಲೆ ಖರ್ಚು ಮಾಡಿ ಹಾಳುಮಾಡಿದನಲ್ಲ ಎಂದು ಹಲ್ಲು ಕಚ್ಚಿದ.

‘ನಂಗೆ ನಕ್ಷೆ ಬ್ಯಾಡ,’ ಎಂದ, ಬೇಕಾದ್ದಕ್ಕಿಂತ ಜೋರಾಗಿ. ‘ಈ ನೆಲ ನಂಗೊತ್ತು. ಬನ್ನಿ ನನ್ ಹಿಂದೆ.’

ಆ ಬೇಸಿಗೆ ಬಡಾವಣೆಯ ಕೆಲಸಕ್ಕೆ ಎರಡು ತಿಂಗಳ ಮಟ್ಟಿಗೆ ಅಪ್ರೆಂಟಿಸುಗಳಾಗಿ ಬಂದವರು ಇಬ್ಬರು. ಒಬ್ಬ ಬಸವನಗುಡಿಯ ಜಯಸಿಂಹ, ಇಂಜಿನಿಯರಿಂಗ್ ಕಾಲೇಜಿನವನು; ಡೇರೆಯ ನೆರಳಲ್ಲಿ ಕೂತು ನಕ್ಷೆಗೆ ಮಸಿ ಹಾಕುತ್ತಿದ್ದ. ಇನ್ನೊಬ್ಬ ಮಾರೇನಹಳ್ಳಿಯ ಚಿಕ್ಕಬೈರಪ್ಪ. ಜಯಸಿಂಹ ಡೇರೆಯಿಂದ ಕೂಗಿ ಹೇಳಿದ ನಂಬರನ್ನು ಇವನು ಸುಣ್ಣ ಹೊಡೆದ ಕಲ್ಲಿನ ಮೇಲೆ ಟಾರಿನಲ್ಲಿ ಬರೆಯಬೇಕು. ಭಾನುವಾರ ಸೈಟು ನೋಡಲು ಬಂದವರನ್ನು ಕರೆದೊಯ್ದು ತೋರಿಸಬೇಕು. ಬೇಸಿಗೆ ಮುಗಿದರೆ ಜಯಸಿಂಹನಿಗೆ ಒಂದು ಸರ್ಟಿಫಿಕೇಟು. ಇವನಿಗೆ, ಓವರ್‌ಸಿಯರು ಮನಸ್ಸು ಮಾಡಿದರೆ, ಅಳತೆಯ ಸರಪಳಿ ಹಿಡಿಯುವ ಖಾಯಂ ಕೆಲಸ. ಅದರ ಕಾಗದ ಟೈಪಾಗಿ ಜಯದೇವಪ್ಪನ ತೊಗಲಿನ ಚೀಲದಲ್ಲಿ ಆಗಲೇ ಬಂದು ಕೂತಿತ್ತು. ಹೋದ ವಾರ ಚೀಲದ ಬಾಯಿ ತೆರೆದು ಅದರ ಒಂದು ಮೂಲೆಯನ್ನು ಮಾತ್ರ ತೋರಿಸಿ, ‘ಈ ಭಾನುವಾರ ಬಿಟ್ಟು ಮುಂದಿನ್ ಭಾನುವಾರದ ತನಕ ಹಲ್ಲು ಕಚ್ಕೊಂಡಿರು, ಎಲ್ಲರ್ ಮುಂದೆ ಕೊಡ್ತೀನಿ’ ಎಂದಿದ್ದ. ಆ ಮೂಲೆ ಬೆಳ್ಳಗಿತ್ತು. ಅಷ್ಟು ಬೆಳ್ಳಗಿನ ಕಾಗದದ ಮೇಲೆ ತನ್ನ ಹೆಸರು ಇದೆಯೆಂದು ನಂಬಲಿಕ್ಕೇ ಅವನಿಗೆ ಎರಡು ದಿನ ಹಿಡಿದಿತ್ತು.

ಕೊಡೆಗಳ ಮೆರವಣಿಗೆ ಅವನ ಹಿಂದೆ ಹೊರಟಿತು. ಎರಡು ವರ್ಷದ ಹಿಂದೆ ಇಲ್ಲಿ ರಾಗಿ ಪೈರು ಇತ್ತು, ಅದಕ್ಕೆ ಮುಂಚೆ ಅಜ್ಜಿ ಮುನಿವೆಂಕಟಮ್ಮ ಹಾಕಿದ ಕಡಲೆಕಾಯಿ. ಈಗ ಮೊಣಕಾಲೆತ್ತರದ ಬಿಳಿಯ ಕಲ್ಲುಗಳು ಮಾತ್ರ ಪಡುವಲಿಂದ ಮೂಡಲಿಗೆ ಸಾಲಾಗಿ ನಿಂತಿದ್ದವು. ನಕ್ಷೆಯಂತೆ ನಕ್ಷೆ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಗೋಡೆಗೆ ದೇಶದ ಪಟ ತೂಗುಹಾಕಿ, ಉತ್ತರ ಎಲ್ಲಿದೆ ತೋರಿಸೋ ಎಂದಾಗ ಅವನು ಕಿಟಕಿಯ ಹೊರಗೆ, ಲಾಲ್‌ಬಾಗಿನ ಬಂಡೆಯ ಕಡೆಗೆ ಕೈಮಾಡಿದ್ದ. ಉತ್ತರ ಇದ್ದದ್ದು ಅಲ್ಲೇ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಉತ್ತರ ಅಂದರೆ ಮೇಲೆ ಕಣೋ ಕತ್ತೆ ಎಂದು ಮೇಷ್ಟ್ರು ಕೋಲಿನಿಂದ ಪಟದ ನೆತ್ತಿ ತೋರಿಸಿದರು. ಮೇಲೆ ಇದ್ದದ್ದು ಹೆಂಚು, ಹೆಂಚಿನಲ್ಲಿ ಒಂದು ಗುಬ್ಬಚ್ಚಿ ಗೂಡು. ಅವನು ಸ್ಲೇಟು ತೆಗೆದುಕೊಂಡು ಎದ್ದು ನಿಜವಾದ ಉತ್ತರದ ಕಡೆಗೇ ನಡೆದುಬಿಟ್ಟಿದ್ದ. ಮನೆ ಇದ್ದದ್ದು ದಕ್ಷಿಣಕ್ಕೆ, ಆದ್ದರಿಂದ ಊಟದ ಹೊತ್ತಿಗೆ ಸುತ್ತಿ ಬಳಸಿ ಬರಬೇಕಾಯಿತು. ಈಗ ಬೆನ್ನ ಹಿಂದೆ ಯಾರೋ ಹೆಂಗಸು, ‘ನರಿ ಇವೆಯಂತಲ್ರೀ ಇಲ್ಲಿ, ಸಂಜೆ ಆರರ ಮೇಲೆ ಊಳಿಡ್ತವಂತೆ’ ಎನ್ನುತ್ತಿದ್ದಳು. ಮೀನಾಕ್ಷಮ್ಮ, ಸೈಟು ನಂಬರ್ ಹತ್ತು. ಅವಳ ಗಂಡ, ‘ನಮ್ಮಣ್ಣ ಹೇಳ್ದ, ಜಯನಗರಕ್ಕೆ ಮನೆ ಕಟ್ಟೋಕ್ ಹೋಗ್ತೀಯೋ ಸನ್ಯಾಸಕ್ಕೆ ಹೋಗ್ತೀಯೋ ಅಂತ’ ಎಂದು ನಕ್ಕ. ಪೇಟೆಯ ಜನಕ್ಕೆ ಇದು ಕಾಡು. ಅವನ ಊರಿನ ಜನಕ್ಕೆ ಇದು ಹುಚ್ಚರ ಹೊಲ, ಬಿತ್ತದೆ ಬೆಳೆಯದೆ ಬೇಲಿ ಹಾಕಿಕೊಂಡು ಬಂದು ಬಂದು ನೋಡಿ ಹೋಗುವವರ ಹೊಲ. ಇಬ್ಬರ ಮೇಲೂ ಅವನಿಗೆ ಸಿಟ್ಟು. ಬೆಳಿಗ್ಗೆ ಆರಕ್ಕೆ ಬಂದು ನೋಡಿದ್ದರೆ ತಿಳಿಯುತ್ತಿತ್ತು: ಕಲ್ಲುಗಳ ನೆರಳು ಉದ್ದಕ್ಕೆ ಮಲಗಿ, ಇನ್ನೂ ಇಲ್ಲದ ಬೀದಿಗಳು ಒಂದೊಂದಾಗಿ ಎದ್ದು ಕಾಣುವ ಚೆಂದ. ಅದನ್ನು ಯಾರಿಗೆ ಹೇಳುವುದು? ಹೇಳಿದರೆ ಎಂಟನೇ ಕ್ಲಾಸು ಕವಿತೆ ಬೇರೆ ಕಟ್ಟುತ್ತದೆ ಎನ್ನುತ್ತಾರೆ.

‘ನರಿ ಇಲ್ಲಮ್ಮ,’ ಎಂದ ತಿರುಗದೆ. ‘ನಿಮ್ಮನ್ನ ನೋಡಿ ಕನಕಪುರದ ಕಡೆ ಓಡೋಗವೆ.’

ಈ ಸಲ ಜನ ನಕ್ಕದ್ದು ಅವನ ಮಾತಿಗೆ. ಸಿಟ್ಟು ಕಾಲುಪಾಲು ಇಳಿಯಿತು.

ಸೈಟು ತೋರಿಸುವುದರಲ್ಲಿ ಅವನಿಗೆ ತಡವರಿಕೆಯೇ ಇರಲಿಲ್ಲ. ಸಾಲಿನ ಪಡುವಣ ತುದಿಯಲ್ಲಿ ಒಂದನೇ ನಂಬರಿನ ಕಲ್ಲು, ಅಲ್ಲಿಂದ ಮೂಡಲಿಗೆ ಎರಡು, ಮೂರು, ಹೀಗೆ ಹನ್ನೊಂದರವರೆಗೆ. ಕಲ್ಲಿನ ಪಕ್ಕ ನಿಂತು, ಪಡುವಲಿಗೆ ಕೈ ಬೀಸಿ, ‘ಈ ಕಲ್ಲಿನ ತನಕ ನಿಮ್ದು’ ಎನ್ನುತ್ತಿದ್ದ. ಹೊಲದಲ್ಲಿ ಬೆಳೆದವನಿಗೆ ಕಲ್ಲೆಂದರೆ ಅದೇ. ನೇಗಿಲು ಕಟ್ಟಿ ಸೂರ್ಯನಿಗೆದುರಾಗಿ ಹೊರಟರೆ ಸಾಲು ಮುಗಿದಲ್ಲಿ ಕಲ್ಲು. ಅಲ್ಲಿ ಎತ್ತು ತಿರುಗಿಸಬೇಕು. ನಡೆದು ಬಂದದ್ದೆಲ್ಲ ನಮ್ಮದು, ಮುಂದಿನದು ಇನ್ನೊಬ್ಬರದು. ಹನ್ನೊಂದರಾಚೆ ನಂಬರಿಲ್ಲದ ಒಂದು ಕಲ್ಲು ಬೋಳಾಗಿ ನಿಂತಿದ್ದನ್ನು ಮಾತ್ರ ಅವನು ಒಮ್ಮೆ ಗಮನಿಸಿದ್ದ. ಓದಿದವರ ಲೆಕ್ಕ, ಒಂದು ಮಿಕ್ಕಿರಬೇಕು ಎಂದುಕೊಂಡು ಸಂತೋಷಪಟ್ಟಿದ್ದ. ನಾಲ್ಕು ಭಾನುವಾರಗಳಲ್ಲಿ ಹನ್ನೊಂದನೆಯ ನಂಬರಿನವರೊಬ್ಬರನ್ನು ಬಿಟ್ಟು ಎಲ್ಲರೂ ಬಂದು, ಅವನು ಕೈ ತೋರಿದಲ್ಲಿ ಕಾಯಿ ಒಡೆದಿದ್ದರು. ಎರಡನೇ ನಂಬರಿನ ಏಕಾಂತಯ್ಯನವರು ಈಶಾನ್ಯದ ಮೂಲೆಯಲ್ಲಿ ನವಧಾನ್ಯ ತುಂಬಿದ ತಾಮ್ರದ ಚೊಂಬು ಹೂತಿದ್ದರು. ಮೀನಾಕ್ಷಮ್ಮ ತೆಂಗಿನ ಸಸಿ ನೆಟ್ಟು, ನೀರು ಹಾಕುವ ಕೆಲಸವನ್ನು ಅವನಿಗೇ ಅಂಟಿಸಿದ್ದಳು. ಅವನು ಬೈದುಕೊಳ್ಳುತ್ತಲೇ ದಿನಾ ಹಾಕುತ್ತಿದ್ದ.

ಒಂದನೇ ನಂಬರು ಸಿದ್ದಗಂಗಮ್ಮನವರದು. ಚಾಮರಾಜಪೇಟೆಯ ವಠಾರವೊಂದರಲ್ಲಿ ಏಳು ಸಂಸಾರಗಳ ಜೊತೆ ಒಂದು ನಲ್ಲಿ ಹಂಚಿಕೊಂಡು ಬದುಕಿದ ಒಂಟಿ ಹೆಂಗಸು; ಹೆರಿಗೆ ಆಸ್ಪತ್ರೆಯ ನರ್ಸು. ಬಸ್ಸಿಳಿದು ಒಂದು ಮೈಲಿ ನಡೆದು, ಕೈಯಲ್ಲಿ ಟಿಫಿನ್ ಕ್ಯಾರಿಯರು, ಕಂಕುಳಲ್ಲಿ ರಂಗೋಲಿ ಪುಡಿಯ ಡಬ್ಬ ಹಿಡಿದು ಪ್ರತಿ ಭಾನುವಾರ ಬರುತ್ತಿದ್ದರು. ಬಂದವರೇ ನೆಲ ಗುಡಿಸಿ, ಹೆಜ್ಜೆಯಲ್ಲಿ ಅಳೆದು, ಇಡೀ ಮನೆಯನ್ನು ಕಟ್ಟಲಿರುವಷ್ಟೇ ಅಳತೆಯಲ್ಲಿ ರಂಗೋಲಿಯಿಂದ ಬರೆಯುವರು. ಹಜಾರ, ದೇವರ ಗೂಡು, ಬಚ್ಚಲು, ನಡುವೆ ಬಾಗಿಲುಗಳಿಗೆ ಬಿಟ್ಟ ಖಾಲಿ ಜಾಗ. ವಾರದಲ್ಲಿ ಗಾಳಿ ಅದನ್ನು ಅಳಿಸಿರುತ್ತಿತ್ತು. ಮುಂದಿನ ವಾರದ ಮನೆ ಸ್ವಲ್ಪ ಬೇರೆ.

ಉಳಿದವರನ್ನೆಲ್ಲ ಅವರವರ ಜಾಗಕ್ಕೆ ಮುಟ್ಟಿಸಿ ಮರಳುವಾಗ ಅವನು ಯೋಚನೆಯಲ್ಲಿ ಆ ರಂಗೋಲಿಯ ಮೇಲೇ ನೇರವಾಗಿ ಕಾಲಿಟ್ಟ.

‘ಅಯ್ಯೋ, ಗೋಡೆ ಕಣಪ್ಪ ಅದು! ಬಾಗಿಲಿಂದ ಬಾ.’

ಹಿಂದೆ ಸರಿದು, ಸುತ್ತಿಕೊಂಡು, ಬಾಗಿಲಿನಿಂದ ಹೋದ. ತಲೆ ಬಾಗಿಸಿದ ಕೂಡ. ಯಾಕೆ ಬಾಗಿಸಿದೆನೆಂದು ಅವನಿಗೇ ತಿಳಿಯಲಿಲ್ಲ. ಮೇಲೆ ಇದ್ದದ್ದು ಆಕಾಶ. ಹಜಾರದಲ್ಲಿ ಕೂರಿಸಿ ಆಕೆ ಚಿತ್ರಾನ್ನ ಬಡಿಸಿದರು.

‘ಓವರ್‌ಸಿಯರ್ ಮಾತಿಗೆ ಬೇಜಾರಾ?’

‘ಇಲ್ಲಮ್ಮ.’

‘ಕಿವಿ ನೋಡಿದ್ರೆ ಹಂಗೆ ಕಾಣಲ್ಲ. ಈಗ್ತಾನೆ ಹುಟ್ಟಿದ ಕೂಸಿನ ಕಿವಿ ಇದ್ದಂಗಿದೆ.’ ಅವನ ಎಲೆಗೆ ಇನ್ನಷ್ಟು ಹಾಕಿದರು. ‘ನೋಡು, ಅಡಿಗೆಮನೆ ಅಲ್ಲಿ. ಕಿಟಕಿ ಇದೆ ಅದಕ್ಕೆ. ಮೂವತ್ತೊಂದು ವರ್ಷ ಕಿಟಕಿ ಇಲ್ಲದ ಕಡೆ ಬೇಯಿಸ್ಕೊಂಡು ತಿಂದಿದೀನಿ. ಬರೋ ಭಾನುವಾರ ಮೇಸ್ತ್ರೀನ ಕರ್ಕೊಂಡ್ ಬರ್ತೀನಿ, ಸೋಮವಾರ ಪಾಯಕ್ಕೆ ಗುದ್ದಲಿ. ಬಾವಿ ಎಲ್ಲಿ ತೋಡಿಸ್ಲಿ, ನೀನೇ ಹೇಳ್ಬೇಕು. ನೆಲ ಗೊತ್ತಿರೋನು ನೀನು.’

ನೆಲ ಗೊತ್ತಿರೋನು. ಬೆಳಿಗ್ಗೆಯ ಬೋಂಡದ ಮಾತಿಗೆ ಇದನ್ನು ಎದುರಿಟ್ಟು ತೂಗಿದರೆ ಇದೇ ಭಾರವಾಗಿತ್ತು. ಅವನು ಬಾವಿಗೆ ಒಂದು ಜಾಗ ತೋರಿಸಿದ. ಉಬ್ಬಿಹೋಗಿ ಪಂಪಿಗೂ ಒಂದು ಜಾಗ ತೋರಿಸಿದ.

ಸೋಮವಾರ ಬೆಳಿಗ್ಗೆ ಎಂಟು ಜನ ಕೂಲಿಯವರು ಹಗ್ಗ ಹಿಡಿದು, ಆ ಮನೆಯ ಮೇಲೆ ಉದ್ದಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಗೆರೆ ಹಜಾರ ದಾಟಿ, ದೇವರ ಗೂಡು ಸೀಳಿ, ಅಡಿಗೆಮನೆಯ ಕಿಟಕಿಯಿಂದ ಹೊರಬಿದ್ದಿತ್ತು. ಒಬ್ಬನಂತೂ ಬಚ್ಚಲಲ್ಲಿ ಕೂತು ಬೀಡಿ ಹಚ್ಚಿದ್ದ. ಚಿಕ್ಕಬೈರಪ್ಪ ದೂರದಿಂದಲೇ ಕೂಗುತ್ತ ಓಡಿಬಂದ. ‘ಏಯ್, ಏಳ್ರೋ ಮೇಲೆ! ನರ್ಸಮ್ಮನ ಸೈಟು ಅದು!’ ಕೂಲಿಯವರು ಜಯಸಿಂಹನ ಮುಖ ನೋಡಿದರು. ಜಯಸಿಂಹ ಟೋಪಿ ಹಿಂದಕ್ಕೆ ತಳ್ಳಿ ನಕ್ಷೆ ನೋಡಿದ.

‘ಇದು ಮೋರಿ ಬೈರಪ್ಪ. ಮಳೆನೀರಿನ ದೊಡ್ಡ ಮೋರಿ.’

‘ಮೋರಿ ನಿಮ್ಮ ತಲೇಲಿದೆ! ಒಂದನೇ ಕಲ್ಲು ನೋಡಿ ಅಲ್ಲಿ, ನಾನೇ ಬರ್ದಿರೋದು.’

‘ಕಲ್ಲು ಅಲ್ಲೇ ಇದೆ, ಸರಿ. ಸೈಟು ಕಲ್ಲಿಂದ ಆ ಕಡೆಗೆ. ಕಲ್ಲಿನ ಮೂಡಲಿಗೆ.’

‘ಆ ಕಡೆಗ್ಯಾಕೆ? ಕಲ್ಲಿನ ತನಕ ತಾನೆ?’

‘ಕಲ್ಲಿನ ತನಕ ಅಲ್ಲ, ಕಲ್ಲಿನಿಂದ. ಅಲ್ಲಿಂದ ಶುರು.’ ಹೇಳುತ್ತ ಹೇಳುತ್ತ ಜಯಸಿಂಹನ ಮುಖ ಬದಲಾಯಿತು. ‘ನೀನು... ಎಲ್ಲರಿಗೂ ಹಿಂಗೇ ತೋರ್ಸಿದೀಯಾ?’

ಚಿಕ್ಕಬೈರಪ್ಪ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದ. ಮೂಡಲ ತುದಿಯಲ್ಲಿ ನಂಬರಿಲ್ಲದ ಆ ಬೋಳು ಕಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. ಮಿಕ್ಕಿದ್ದಲ್ಲ ಅದು, ಹನ್ನೊಂದನೆಯ ಸೈಟಿನ ಆಚೆಯ ಗಡಿ. ಹತ್ತು ಸಂಸಾರಗಳು. ಒಬ್ಬರ ನೆಲಕ್ಕೆ ಇನ್ನೊಬ್ಬರ ಕುಂಕುಮ, ಒಬ್ಬರ ಮಣ್ಣಿಗೆ ಇನ್ನೊಬ್ಬರ ಹಾಲು, ನರ್ಸಮ್ಮನ ಈಶಾನ್ಯದಲ್ಲಿ ಏಕಾಂತಯ್ಯನವರ ಚೊಂಬು. ತಾನು ದಿನಾ ಬೈದುಕೊಂಡು ನೀರೆರೆಯುತ್ತಿದ್ದ ತೆಂಗಿನ ಸಸಿ ಯಾರದೋ ಹಿತ್ತಿಲಲ್ಲಿ ಯಾರದೋ ಹೆಸರಿನಲ್ಲಿ ಚಿಗುರುತ್ತಿತ್ತು. ಅವನು ಕಲ್ಲಿನ ಮೇಲೆಯೇ ಕೂತ. ಜಯಸಿಂಹ ಒಳ್ಳೆಯ ಹುಡುಗ, ಅದೇ ತೊಂದರೆ. ಕೂಲಿಯವರನ್ನು ಬೇರೆ ಕಡೆಗೆ ಅಟ್ಟಿ, ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಪಿಸುಗುಟ್ಟಿದ.

‘ಕೇಳು ಗುರು. ನಂಬರ್ ಬದಲಾಯ್ಸಿಬಿಡು. ಒಂದು ಡಬ್ಬ ಟಾರು, ಅರ್ಧ ದಿನದ ಕೆಲಸ. ಎಲ್ಲರೂ ಪೂಜೆ ಮಾಡಿದ ಜಾಗದಲ್ಲೇ ಇರ್ತಾರೆ, ಯಾರಿಗೂ ಗೊತ್ತಾಗಲ್ಲ. ನಕ್ಷೆ ನನಗೆ ಬಿಡು, ಬ್ಲೇಡಿನಲ್ಲಿ ಹೆರೆದು ತಿದ್ತೀನಿ. ನಿನ್ನ ಕಾಗದ ಬರೋ ಭಾನುವಾರ ತಾನೆ?’

‘ನರ್ಸಮ್ಮ?’

‘ಅವರನ್ನ ಆ ಕೊನೇಗೆ ಕಳ್ಸೋಣ. ಹನ್ನೊಂದನೆಯ ಜಾಗ. ಅಲ್ಲೂ ಅಷ್ಟೇ ಅಗಲ. ಅದರ ಯಜಮಾನರು ದೆಹಲೀಲಿದಾರಂತೆ, ಒಂದು ಸಲಾನೂ ಬಂದಿಲ್ಲ.’

‘ಅಲ್ಲಿ ಅರ್ಧ ಬಂಡೆ.’

‘ನಕ್ಷೇಲಿ ಬಂಡೆ ಇಲ್ಲ,’ ಎಂದ ಜಯಸಿಂಹ. ಸುಳ್ಳಲ್ಲ ಅದು, ನಕ್ಷೆಯಲ್ಲಿ ಇರಲಿಲ್ಲ.

ಸಂಜೆ ಅಜ್ಜಿಗೆ ಹೇಳಿದ. ಹೇಳಬಾರದೆಂದುಕೊಂಡೇ ಹೇಳಿದ. ಮುನಿವೆಂಕಟಮ್ಮ ಅವರೆಕಾಯಿ ಸುಲಿಯುತ್ತಿದ್ದವಳು ಮೊರ ಕೆಳಗಿಟ್ಟು ನಗಲು ಶುರುಮಾಡಿದಳು. ನಕ್ಕು ನಕ್ಕು ಕೆಮ್ಮು ಬಂತು, ನೀರು ಕುಡಿಸಬೇಕಾಯಿತು.

‘ಕಲ್ಲಿನಿಂದ ಸುರುವಾಯ್ತದಂತಾ? ಅಯ್ ನಿನ್ ಮನೆ ಕಾಯ್ವಾಗ! ಕಲ್ಲು ಅಂದ್ರೆ ಕೊನೆ ಕಣ್ಲಾ, ಎತ್ತು ತಿರುಗ್ಸೋ ಜಾಗ. ಅಲ್ಲಿಂದ ಹೊಂಡ್ತಾರಂತಾ ಅವ್ರು?’

‘ಹೂಂ ಕಣಜ್ಜಿ.’

‘ಹಂಗಾರೆ ಅವ್ರು ತಿರುಗ್ಸೋದು ಎಲ್ಲಿ?’

‘ನಗಬ್ಯಾಡ ಅಜ್ಜಿ. ಕೆಲ್ಸ ಹೋಯ್ತದೆ.’

‘ಹೋದ್ರೆ ಹೋಯ್ತದೆ. ಆ ತಾಯಿ ಪಾಪ, ಮೋರೀಲಿ ಮನೆ ಕಟ್ತಾಳಲ್ಲೋ,’ ಎಂದು ಮತ್ತೆ ಮೊರ ಎತ್ತಿಕೊಂಡು, ಮತ್ತೆ ನಕ್ಕಳು. ಅವಳಿಗೆ ಅದು ಯಾರ ತಪ್ಪೂ ಅಲ್ಲ, ಒಂದು ಸೊಗಸಾದ ಸುದ್ದಿ. ರಾತ್ರಿ ಊಟದ ಹೊತ್ತಿಗೆ ಅರ್ಧ ಮಾರೇನಹಳ್ಳಿಗೆ ಹಂಚಿಯೂ ಆಗಿತ್ತು.

ವಾರವಿಡೀ ಅವನು ಡೇರೆಯ ಮುಂದೆ ಹೋಗುವಾಗ ತಲೆ ತಗ್ಗಿಸಿದ. ಜಯದೇವಪ್ಪ ಕರೆದು ವೀಳ್ಯದೆಲೆ ಕೊಟ್ಟ. ಅದು ಇನ್ನೂ ಕಷ್ಟ. ಬೈದಿದ್ದರೆ ಸಿಟ್ಟಿನ ನೆರಳಲ್ಲಿ ಅಡಗಬಹುದಿತ್ತು. ‘ಏನಯ್ಯಾ, ಮೆತ್ತಗಾಗಿದೀಯ? ಕೆಲಸ ಸಿಗೋಕ್ ಮುಂಚೇನೇ ಸರ್ಕಾರಿ ನೌಕರ ಆಗ್ಬಿಟ್ಯಲ್ಲೋ!’ ಎಂದು ಬೆನ್ನು ತಟ್ಟಿದ ಆ ಕೈ ಭಾರವಾಗಿತ್ತು, ಬೆಚ್ಚಗಿತ್ತು. ಸರಪಳಿ ಹಿಡಿಯುವ ಕೆಲಸ. ನೂರು ಕೊಂಡಿಯ ಆ ಸರಪಳಿ ನೆಲದ ಮೇಲೆ ಜರಜರ ಎಳೆಯುವಾಗ ಬರುವ ಸದ್ದು ಅವನಿಗೆ ಎಷ್ಟು ಇಷ್ಟವೆಂದರೆ, ಅದನ್ನು ಯಾರಿಗೂ ಗೊತ್ತಾಗಗೊಡದೆ, ಭಾರ ಎಂದು ಗೊಣಗುತ್ತ ಹೊರುತ್ತಿದ್ದ. ಒಂದು ಸುಳ್ಳು, ಅದೂ ಟಾರಿನಲ್ಲಿ. ಯಾರನ್ನೂ ಕೊಂದಂತಲ್ಲ. ಬಡಾವಣೆಯ ಈ ತುದಿಯಲ್ಲಿ ಕೂತರೇನು ಆ ತುದಿಯಲ್ಲಿ ಕೂತರೇನು, ಅಡಿಗೆಮನೆಗೆ ಕಿಟಕಿ ತಾನೆ ಬೇಕಾದದ್ದು? ಬಾವಿ ಬೇಡವೆ ಎಂದು ಒಳಗಿನಿಂದ ಯಾರೋ ಕೇಳಿದರು. ಬಾವಿ ತೋರಿಸಿದ್ದು ನೀನೇ ತಾನೆ? ಪಂಪು ಬೇರೆ.

ಶನಿವಾರ ಮಧ್ಯಾಹ್ನ ಕೂಲಿಯವರು ಊಟಕ್ಕೆ ಹೋದ ಹೊತ್ತು ನೋಡಿ ಟಾರಿನ ಡಬ್ಬ, ಸೀಮೆಎಣ್ಣೆಯ ಚಿಂದಿ ಹಿಡಿದು ಒಂದನೇ ಕಲ್ಲಿನ ಮುಂದೆ ಮಂಡಿಯೂರಿದ. ಉಜ್ಜಿ ಉಜ್ಜಿ ‘ಒಂದು’ ಅಳಿಯಿತು, ಕಲ್ಲು ಮಸಿಮಸಿಯಾಯಿತು, ಮೇಲೆ ಸುಣ್ಣ ಬಳಿದ. ಬೇಸಿಗೆಯ ಬಿಸಿಲು, ಎರಡೇ ನಿಮಿಷಕ್ಕೆ ಒಣಗಿತು. ಇನ್ನು ಎರಡು ಎಂದು ಬರೆಯಬೇಕು. ಎರಡನ್ನು ಅವನು ಚೆನ್ನಾಗಿ ಬರೆಯುತ್ತಿದ್ದ. ಬಾಲಕ್ಕೆ ಒಂದು ಸಣ್ಣ ಕೊಂಕು ಕೊಡುತ್ತಿದ್ದ. ಕುಂಚ ಎತ್ತಿ, ನಾಳೆ ನರ್ಸಮ್ಮನನ್ನು ಕರೆದೊಯ್ದು ಬಂಡೆಯ ಮುಂದೆ ನಿಲ್ಲಿಸುವುದನ್ನು ಕಣ್ಣಲ್ಲಿ ತಂದುಕೊಂಡ. ಆಕೆ ಕೂಗಾಡುವಂತೆ ಎಷ್ಟು ಬೇಡಿಕೊಂಡರೂ ಕಣ್ಣೊಳಗಿನ ನರ್ಸಮ್ಮ ಕೂಗಾಡಲೊಲ್ಲರು. ಹೌದೇನಪ್ಪ, ಇಲ್ಲೇನಾ, ಸರಿ ಬಿಡು ಎಂದು ಸೆರಗು ಸಿಕ್ಕಿಸಿಕೊಂಡು ಬಂಡೆ ಗುಡಿಸತೊಡಗಿದರು. ಬಂಡೆಯ ಮೇಲೆ ರಂಗೋಲಿ ಇನ್ನೂ ಚೆನ್ನಾಗಿ ನಿಲ್ಲುತ್ತೆ ನೋಡು ಎಂದೂ ಹೇಳಿದರು. ಅವನಿಗೆ ರೇಗಿಹೋಯಿತು. ಒಂದು ಮಾತು ಕೇಳಬಾರದೆ ಈ ಹೆಂಗಸು? ನಕ್ಷೆ ತೋರಿಸು ಎನ್ನಬಾರದೆ? ಯಾರು ಹೇಳಿದರು ಇವರಿಗೆ ನನ್ನನ್ನು ಇಷ್ಟು ನಂಬಿ ಎಂದು? ಸಿಟ್ಟಿನಲ್ಲೇ ಕುಂಚ ಅದ್ದಿ ಒಂದು ಎಂದೇ ಬರೆದ. ಮೊದಲಿಗಿಂತ ದಪ್ಪಗೆ, ಕುರುಡರಿಗೂ ಕಾಣುವಷ್ಟು. ಟಾರು ಕಲ್ಲಿನಿಂದ ಇಳಿದು ಮೊಣಕಾಲಿಗೆ ಹತ್ತಿತು.

ಭಾನುವಾರ ಜಯದೇವಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿ ಬಂದಿದ್ದ. ಎಲ್ಲರೂ ಸೇರುವವರೆಗೂ ಕಾದು, ಚೀಲದಿಂದ ಕಾಗದ ತೆಗೆದು, ಅದನ್ನು ಬೀಸಣಿಗೆಯಂತೆ ಆಡಿಸುತ್ತ, ‘ಮಹಾಜನಗಳೇ, ನಿಮ್ಮನ್ನೆಲ್ಲ ನಿಮ್ಮ ನಿಮ್ಮ ನೆಲಕ್ಕೆ ಮುಟ್ಟಿಸಿದ ಹುಡುಗ ಇವನು’ ಎಂದು ಶುರುಮಾಡಿದ. ನರ್ಸಮ್ಮನ ಪಕ್ಕದಲ್ಲಿ ಮೇಸ್ತ್ರಿ ದಾರದ ಉಂಡೆ ಹಿಡಿದು ನಿಂತಿದ್ದ. ಆಕೆ ಚಿಕ್ಕಬೈರಪ್ಪನತ್ತ ನೋಡಿ ಮಗನ ಮದುವೆಯೇನೋ ಎಂಬಂತೆ ನಗುತ್ತಿದ್ದರು.

‘ಸಾರ್, ಒಂದ್ನಿಮಿಷ,’ ಎಂದ ಚಿಕ್ಕಬೈರಪ್ಪ. ಜನದ ಕಡೆ ತಿರುಗಿದ. ‘ನೀವ್ಯಾರೂ ನಿಮ್ಮ ಸೈಟಲ್ಲಿಲ್ಲ.’

ಯಾರಿಗೂ ಅರ್ಥವಾಗಲಿಲ್ಲ. ತಮಾಷೆಯೆಂದುಕೊಂಡು ಒಬ್ಬಿಬ್ಬರು ನಕ್ಕರು ಕೂಡ.

‘ನಾನ್ ತಪ್ಪು ತೋರ್ಸಿದೀನಿ. ಎಲ್ರೂ ಒಂದೊಂದು ಸೈಟು ಮೂಡಲಿಗೆ ಹೋಗ್ಬೇಕು. ನಂಬರ್ ಬರ್ದಿರೋ ಕಲ್ಲಿನಿಂದ ಶುರು, ಕಲ್ಲಿನ ತನಕ ಅಲ್ಲ. ನರ್ಸಮ್ಮ, ನೀವು ಮನೆ ಬರ್ದಿದ್ದು ಮೋರೀಲಿ.’

ಎಲ್ಲ ಕೊಡೆಗಳೂ ಒಟ್ಟಿಗೆ ಅಲ್ಲಾಡಿದವು. ಹೆಚ್ಚು ಕೂಗಿದವರು ಏಕಾಂತಯ್ಯನವರು. ‘ಹಾಗಾದ್ರೆ ನನ್ನ ಚೊಂಬು? ನನ್ನ ತಾಮ್ರದ ಚೊಂಬು ಎಲ್ಲಿದೆ ಈಗ?’

‘ನರ್ಸಮ್ಮನ ಸೈಟಲ್ಲಿ.’

‘ಅಗೀರಿ! ಈಗಲೇ ಅಗೀರಿ!’

‘ಯಾರ್ ಅಗೀತಾರೆ ನೋಡ್ತೀನಿ,’ ಎಂದರು ಸಿದ್ದಗಂಗಮ್ಮ. ಅವರ ಮುಖ ಇನ್ನೂ ಬಿಳುಚಿಕೊಂಡಿತ್ತು, ಆದರೆ ದನಿ ಹೆರಿಗೆ ಮನೆಯದು. ‘ನನ್ನ ಈಶಾನ್ಯದಲ್ಲಿ ಪೂಜೆ ಆಗಿದೆ. ಅದಕ್ಕೆ ಗುದ್ದಲಿ ಹಾಕ್ಸಲ್ಲ. ನಿಮ್ಮ ಸೈಟಲ್ಲಿ ಮೂರನೇ ನಂಬರಿನವರು ಏನು ಮಾಡಿದಾರೆ, ಹೋಗ್ ನೋಡ್ಕೊಳ್ಳಿ ಸ್ವಾಮಿ.’

ಏಕಾಂತಯ್ಯನವರು ಮೂರನೇ ನಂಬರಿನವರನ್ನು ನೋಡಿದರು. ‘ಬೆಳ್ಳಿ ನಾಗಪ್ಪನ್ನ ಇಟ್ಟಿದೀವಿ,’ ಎಂದರು ಅವರು, ಹೇಳಲೋ ಬೇಡವೋ ಎಂಬಂತೆ. ‘ಸಣ್ಣದು.’

‘ಬೆಳ್ಳೀದೋ?’ ಏಕಾಂತಯ್ಯನವರ ದನಿ ತಕ್ಷಣ ಇಳಿಯಿತು. ‘ಹೋಗಲಿ ಬಿಡಿ. ಪೂಜೆ ಆದದ್ದನ್ನ ಅಗೆಯಬಾರದು.’

ಈಗ ಎಲ್ಲರೂ ಪಕ್ಕದವರನ್ನು ಹಿಡಿದು ನೀವೇನು ಮಾಡಿದಿರಿ, ನೀವೇನು ಹೂತಿರಿ ಎಂದು ವಿಚಾರಿಸತೊಡಗಿದರು. ಮೀನಾಕ್ಷಮ್ಮ, ‘ನಮ್ದರಲ್ಲಿ ಯಾರೂ ಏನೂ ಮಾಡಿಲ್ಲ, ನನ್ನ ತೆಂಗಿನ ಸಸೀನೂ ಇವರ ಪಾಲಾಯ್ತು!’ ಎಂದು ಒಂಬತ್ತನೆಯವರ ಜೊತೆ ಜಗಳಕ್ಕೆ ನಿಂತಳು. ಮೊದಲ ಕಾಯಿ ನಿಮಗೇ ಕೊಡುತ್ತೇವೆ, ನೀರು ಹಾಕುವುದು ನಾವು ಎಂದು ಅವರು ಒಪ್ಪಿಸುತ್ತಿದ್ದರು. ನಾಲ್ಕು ಭಾನುವಾರ ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ತಮ್ಮ ಬಿಸಿಲಲ್ಲಿ ನಿಂತು ಹೋಗುತ್ತಿದ್ದವರು. ಸಿದ್ದಗಂಗಮ್ಮ ಒಂದು ಸಲ ಮೋರಿಯ ಕಡೆಗೆ, ಅಲ್ಲಿ ಇನ್ನೂ ಉಳಿದಿದ್ದ ಒಂದು ತುಂಡು ರಂಗೋಲಿ ಗೋಡೆಯ ಕಡೆಗೆ ನೋಡಿ, ಮೂಗು ಒರೆಸಿಕೊಂಡು, ಇದ್ದಕ್ಕಿದ್ದಂತೆ ನಕ್ಕರು.

‘ನನ್ನ ನಾಲ್ಕು ವಾರದ ಪೂಜೆ ಎಲ್ಲಾ ಮೋರಿಗಾಯ್ತು ನೋಡಿ. ಬೆಂಗಳೂರಲ್ಲಿ ಪೂಜೆ ಆಗಿರೋ ಮೋರಿ ಇದೊಂದೇ. ಯಾವ ಮಳೆಗೂ ಕಟ್ಕೊಳ್ಳಲ್ಲ!’

ಕೊಡೆಗಳ ಮೆರವಣಿಗೆ ಒಂದು ಸೈಟು ಮೂಡಲಿಗೆ ಸರಿಯತೊಡಗಿತು. ಮೇಸ್ತ್ರಿ ದಾರದ ಉಂಡೆ ಎತ್ತಿಕೊಂಡು ಒಂದನೇ ಕಲ್ಲು ದಾಟಿದ. ಕದಲದೆ ಉಳಿದವನು ಜಯದೇವಪ್ಪನೊಬ್ಬನೇ. ಕಾಗದ ಬೀಸುವುದನ್ನು ನಿಲ್ಲಿಸಿದ್ದ. ಮುಖ ಕಪ್ಪಿಟ್ಟು, ಕೆಂಪೇರಿ, ಕಡೆಗೆ ಒಂದು ಉಪಾಯ ಹೊಳೆದಂತೆ ಸಡಿಲವಾಯಿತು. ಹೋಗುತ್ತಿದ್ದವರೂ ತಿರುಗಿ ನೋಡುವಷ್ಟು ದನಿಯೆತ್ತಿ ಹೇಳಿದ:

‘ಆದದ್ದಾಯ್ತು. ದೊಡ್ಡ ಸಾಹೇಬರಿಗೆ ನಾನೊಂದು ಕಾರಣ ಬರೀಬೇಕಲ್ಲ. ಇವರೆಲ್ಲರ ಮುಂದೆ ಒಂದೇ ಮಾತು ಹೇಳ್ಬಿಡು. ‘ನಾನು ಓದಿಲ್ಲ ಸಾರ್, ಅದಕ್ಕೇ ತಪ್ಪಾಯ್ತು’ ಅಂತ. ಅಷ್ಟೇ. ಈ ಕಾಗದ ನಿಂದು. ಏನಂತೀಯ?’

ಅವನು ಕಾಗದ ನೋಡಿದ. ಈಗ ಪೂರ್ತಿ ಕಾಣುತ್ತಿತ್ತು. ಹೆಸರು ಇತ್ತು, ನಿಜ; ಒಂದಕ್ಷರವೂ ತಪ್ಪಿರಲಿಲ್ಲ. ಬೇಕು ಎಂದು ಹೊಟ್ಟೆ ಹೇಳಿತು. ತಪ್ಪಾಯಿತೆಂದು ಹೇಳಲು ಅವನಿಗೇನೂ ಅಡ್ಡಿ ಇರಲಿಲ್ಲ, ಆಗಲೇ ಹೇಳಿದ್ದ, ಬೇಕಾದರೆ ಹತ್ತು ಮನೆಯ ಮುಂದೆ ಹತ್ತು ಸಲ ಹೇಳುತ್ತಿದ್ದ. ಆದರೆ ಓದದೆ ಆದ ತಪ್ಪಲ್ಲ ಇದು. ಗೊತ್ತಿದ್ದದ್ದರಿಂದ ಆದದ್ದು. ನೇಗಿಲು, ಎತ್ತು, ಸಾಲಿನ ಕೊನೆಯ ಕಲ್ಲು, ಇದನ್ನೆಲ್ಲ ಬಿಡಿಸಿ ಹೇಳಲು ಹೊರಟರೆ ಮಧ್ಯಾಹ್ನವಾಗುತ್ತದೆ. ಜನ ಬಿಸಿಲಲ್ಲಿ ನಿಂತಿದ್ದಾರೆ, ಮೇಸ್ತ್ರಿ ಗೂಟ ಹೊಡೆಯಲು ಕಾದಿದ್ದಾನೆ. ಹೇಳದೆ ಹೋದರೆ ಈ ಮನುಷ್ಯ ತನ್ನಿಷ್ಟದ ಕಾರಣ ಬರೆದುಕೊಳ್ಳುತ್ತಾನೆ. ಬರೆದುಕೊಳ್ಳಲಿ. ಅವನ ಬಾಯಲ್ಲೇ ಇರಲಿ ಅದು, ನನ್ನ ಬಾಯಿಗೇಕೆ? ಇಷ್ಟು ಯೋಚಿಸುವಷ್ಟರಲ್ಲಿ ಕಾಲು ಆಗಲೇ ತಿರುಗಿತ್ತು. ಮಾರೇನಹಳ್ಳಿಯ ದಿಕ್ಕಿಗೆ ಹೆಜ್ಜೆ ಹಾಕಿದ. ಟಾರು ಹತ್ತಿದ ಮೊಣಕಾಲ ಚರ್ಮ ಒಂದೊಂದು ಹೆಜ್ಜೆಗೂ ಚುರುಚುರು ಎಳೆಯುತ್ತಿತ್ತು.

‘ಏಯ್! ನಿನ್ನೇ ಕಣೋ ಕೇಳಿದ್ದು! ಕಾಗದ ಬೇಕೋ ಬೇಡ್ವೋ?’

ಬಿಸಿಲು ನೆತ್ತಿಗೆ ಬರುತ್ತಿತ್ತು. ನಡೆದ.

‘ಇಲ್ ಕೊಡಿ ಸಾರ್,’ ಎಂಬ ಸಿದ್ದಗಂಗಮ್ಮನ ದನಿ ಕೇಳಿಸಿತು. ‘ಬಿಸಿ ಆರಿದ ಮೇಲೆ ಬರ್ತಾನೆ. ಅಲ್ಲೀವರ್ಗೂ ನಮ್ಮನೇಲಿರ್ಲಿ.’

‘ಯಾವ ಮನೇಲಮ್ಮ?’ ಎಂದ ಜಯದೇವಪ್ಪ, ನಿಜವಾಗಿಯೂ ತಿಳಿಯದೆ.

ಒಂದನೇ ನಂಬರಿನಿಂದ ಹತ್ತನೇ ನಂಬರಿನವರೆಗೆ ಎಲ್ಲರೂ ಗೊಳ್ಳೆಂದರು. ಚಿಕ್ಕಬೈರಪ್ಪನಿಗೂ ತಡೆಯಲಾಗಲಿಲ್ಲ. ಹೆಗಲು ಕುಲುಕುವುದು ಅವರಿಗೆ ಕಾಣಿಸದಿರಲೆಂದು ಹೆಜ್ಜೆ ಬೀಸಾಗಿ ಹಾಕಿದ. ಓವರ್‌ಸಿಯರು ಇನ್ನೊಂದು ಸಲ ಹೆಸರು ಹಿಡಿದು ಕೂಗಿದ, ಈ ಸಲ ಪೂರ್ತಿ ಹೆಸರು, ಕಾಗದದಲ್ಲಿದ್ದಂತೆಯೇ. ಅವನು ನಡೆಯುತ್ತಲೇ ಇದ್ದ.